ಬಾರ್ ಕೌಂಟರ್ ಇರಲಿ, ಬಡಿಗೇರನ ಬಾಕಿ ಎಷ್ಟು?

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿ ನನಗೆ ಸಿಟ್ಟು ಬಂತು. ಬರೆದವರು ಕೆಟ್ಟ ಮನುಷ್ಯರಲ್ಲ. ಅದಕ್ಕೇ ಸಿಟ್ಟು ಜಾಸ್ತಿ ಬಂತು.

ಹುಬ್ಬಳ್ಳಿಯವರು, ವಯಸ್ಸು 43, ಇಂಟೀರಿಯರ್ ಡಿಸೈನರ್. ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಒಂದು ಗಂಟೆ ಇಷ್ಟಲಿಂಗ ಪೂಜೆ. ಸೋಮವಾರ ಒಪ್ಪೊತ್ತು, ಸಂಜೆ ಸಿದ್ಧಾರೂಢ ಮಠ. ಮನೆಯಲ್ಲಿ ಅವ್ವ, ಹೆಂಡತಿ, ಪಿಯುಸಿ ಓದುವ ಮಗಳು, ಏಳನೇ ಕ್ಲಾಸಿನ ಮಗ. ಈಗ ಗೋಕುಲ ರಸ್ತೆ ಕಡೆ ಒಂದು ಬಾರ್ ಅಂಡ್ ರೆಸ್ಟೋರೆಂಟಿನ ಒಳಾಂಗಣದ ಕೆಲಸ ಬಂದಿದೆ. 22 ಲಕ್ಷದ ಕೆಲಸ. ಮಗಳ ಕೋಚಿಂಗ್ ಫೀಸು ಕಟ್ಟಬೇಕು, ಒಪ್ಪಿಕೊಳ್ಳಿ ಅನ್ನುತ್ತಾರೆ ಹೆಂಡತಿ. ಅವ್ವ ಬೇಡ ಅನ್ನುತ್ತಾರೆ. ಸೋದರಮಾವ ಅಂತೂ ಧಾರವಾಡದಿಂದ ಮನೆಗೇ ಬಂದು, 'ಕೊರಳಾಗ ಲಿಂಗ ಕಟ್ಕೊಂಡು ಕುಡುಕರಿಗೆ ಕುರ್ಚಿ ಮಾಡಿಕೊಡ್ತಿಯೇನು?' ಎಂದು ಎಲ್ಲರೆದುರು ಕೇಳಿದ್ದಾರೆ. ಅಂದಿನಿಂದ ಇವರಿಗೆ ನಿದ್ದೆ ಇಲ್ಲ. ಈ ಕೆಲಸ ಹಿಡಿದರೆ ಪಾಪವೇ ಎಂಬುದು ಪ್ರಶ್ನೆ.

ನಾಲ್ಕು ಪುಟದ ಪತ್ರ, ತುಂಬಾ ಬಾರಿನದೇ ಮಾತು. ಮೂರನೇ ಪುಟದಲ್ಲಿ ಮಾತ್ರ, ತಮ್ಮ ಶಿಸ್ತು ಎಂಥದ್ದು ಅಂತ ನನಗೆ ತಿಳಿಯಲಿ ಎಂದು, ಹೀಗೆ ಬರೆದಿದ್ದಾರೆ: 'ನಾನು ಪೂಜೆಗೆ ಕೂತರೆ ಯಾರು ಬಂದರೂ ಏಳುವುದಿಲ್ಲ. ಮೊನ್ನೆ ನಮ್ಮ ಬಡಿಗೇರ ಲೆಕ್ಕ ಕೇಳಲು ಬಂದು ಮುಕ್ಕಾಲು ಗಂಟೆ ಕಟ್ಟೆ ಮೇಲೆ ಕೂತು ಎದ್ದು ಹೋದ. ಎರಡು ತಿಂಗಳ ಬಾಕಿ ಇದೆ. ಆದರೆ 11 ವರ್ಷದ ಹಳಬ, ಜಗಳ ಮಾಡುವವನಲ್ಲ.'

ಹುಬ್ಬಳ್ಳಿಯ ಓದುಗರೇ, ನಿಮ್ಮ ಪತ್ರ ಇರುವುದು ಇಲ್ಲಿ. ಉಳಿದಿದ್ದನ್ನು ನಾನು ಆಮೇಲೆ ಓದಿಕೊಂಡೆ.

ಈ ಅಂಕಣ ಓದುವವರಿಗೆ ನನ್ನ ಹಳೇ ಹಟ ಗೊತ್ತು. ಪಾಪ ಪುಣ್ಯದ ಪ್ರಶ್ನೆ ಹೊತ್ತು ಬಂದವರಿಗೆ ನಾನು ಮೊದಲು ಸಾಲದ ಪಟ್ಟಿ ಕೇಳುತ್ತೇನೆ. ನಿಮ್ಮ ಪಟ್ಟಿ ಪತ್ರದಲ್ಲೇ ಅಲ್ಲಲ್ಲಿ ಚೆಲ್ಲಿಕೊಂಡಿದೆ, ಒಂದು ಕಡೆ ಕೂಡಿಸಿ ನೋಡಿದೆ. ಬಡಿಗೇರನಿಗೆ ಮತ್ತು ಅವನ ಇಬ್ಬರು ಹುಡುಗರಿಗೆ ಕೊಡಬೇಕಾದದ್ದು 96 ಸಾವಿರ. ಶ್ರಾವಣಕ್ಕೆ ಮಠದ ದಾಸೋಹಕ್ಕೆ ಕೊಡುತ್ತೇನೆಂದು ಬೇರೆ ತೆಗೆದಿಟ್ಟಿರುವುದು 51 ಸಾವಿರ. ಕೇಶ್ವಾಪುರದ ಮನೆಯವರಿಂದ ಬರಬೇಕಾದ ಕೊನೆಯ ಕಂತು 1 ಲಕ್ಷ 40 ಸಾವಿರ. ಇನ್ನೊಂದು ಬಾಕಿಯೂ ಇದೆ, ಅದಕ್ಕೆ ಬರುತ್ತೇನೆ.

ಕೇಶ್ವಾಪುರದ ಕಥೆ ನಿಮ್ಮ ಕಸುಬಿನವರಿಗೆಲ್ಲ ಗೊತ್ತಿರುವಂಥದ್ದೇ. ಅಡುಗೆಮನೆ, ವಾರ್ಡ್‌ರೋಬ್, ಫಾಲ್ಸ್ ಸೀಲಿಂಗ್, ಪೂಜಾ ಕೋಣೆಗೆ ಜಾಲಿ ಬಾಗಿಲು, ಎಲ್ಲಾ ಮುಗಿಯಿತು. ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಗೃಹಪ್ರವೇಶ ಯಾರು ಮಾಡುತ್ತಾರೆ? ಮುಂದೆ ಹೋಯಿತು. ಗೃಹಪ್ರವೇಶದ ದಿನವೇ ಲೆಕ್ಕ ಚುಕ್ತಾ ಅಂದರು, ನೀವು ತಲೆಯಾಡಿಸಿದಿರಿ. ಅವರಿಗೆ ಮುಹೂರ್ತ ಸಿಕ್ಕಿತು, ನಿಮಗೆ ಒಳ್ಳೆಯವನೆಂಬ ಹೆಸರು ಉಳಿಯಿತು, ಆಷಾಢದ ಖರ್ಚು ಬಡಿಗೇರನ ತಲೆಗೆ ಬಂತು. ಇನ್ನು ಮೇಲೆ ಕೊನೆಯ ಕಂತು ಕೀಲಿಕೈ ಕೊಡುವ ದಿನಕ್ಕೆ ಅಂತ ಕಾಗದದಲ್ಲಿ ಬರೆಯಿಸಿಕೊಳ್ಳಿ. ಮುಹೂರ್ತ ಅವರ ವಿಷಯ, ಕೀಲಿಕೈ ನಿಮ್ಮ ವಿಷಯ.

ನೀವು ಶರಣರ ಮಾತು ಬಲ್ಲವರು, ಹಾಗಾಗಿ ನುಲಿಯ ಚಂದಯ್ಯನ ಕಥೆ ಹೊಸದಾಗಿ ಹೇಳಬೇಕಿಲ್ಲ. ಉಳಿದ ಓದುಗರಿಗಾಗಿ ಹೇಳುತ್ತೇನೆ. 12ನೇ ಶತಮಾನದ ಶರಣ. ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದ ಹಣದಲ್ಲಿ ದಾಸೋಹ ಮಾಡುತ್ತಿದ್ದವನು. ಒಂದು ದಿನ ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ನೀರಿಗೆ ಬಿತ್ತು. ಅವನು ಹುಡುಕುತ್ತಾ ಕೂರಲಿಲ್ಲ. ಹುಲ್ಲು ಹೊತ್ತು ಕೆಲಸಕ್ಕೆ ನಡೆದ. ಲಿಂಗವೇ ನನ್ನನ್ನು ಎತ್ತಿಕೋ ಅಂತ ಅವನ ಹಿಂದೆ ಬಂತಂತೆ, ಕೊನೆಗೆ ಮಡಿವಾಳ ಮಾಚಯ್ಯ ನಡುವೆ ಬಂದು ರಾಜಿ ಮಾಡಿಸಬೇಕಾಯಿತಂತೆ. ಕಾಯಕ ನಿಲ್ಲಬಾರದು ಅಂತ ಲಿಂಗವನ್ನೇ ಕಾಯಿಸಿದವನು ಅವನು. ನೀವು ಲಿಂಗದ ಮುಂದೆ ಕೂತು ಕಾಯಕದವನನ್ನು ಕಾಯಿಸಿದಿರಿ.

ಆ ಮುಕ್ಕಾಲು ಗಂಟೆಯಲ್ಲಿ ನಿಮ್ಮ ಹೆಂಡತಿ ಅವನಿಗೆ ಚಹಾ ಕೊಟ್ಟು, ಹೋಗುವಾಗ ತಮ್ಮ ಹತ್ತಿರ ಇದ್ದ ಎರಡು ಸಾವಿರ ಕೈಗಿಟ್ಟು ಕಳಿಸಿದರು ಅಂತ ಆವರಣದೊಳಗೆ ಬರೆದಿದ್ದೀರಿ. ಎಂಥ ವಿಷಯವನ್ನು ಎಲ್ಲಿ ತುರುಕಿದ್ದೀರಿ ನೋಡಿ! ಬಾಗಿಲಿಗೆ ಬಂದವನನ್ನು ಜಂಗಮ ಅನ್ನುತ್ತದೆ ನಿಮ್ಮ ಸಂಪ್ರದಾಯ. ಅವತ್ತು ಬೆಳಿಗ್ಗೆ ನಿಮ್ಮ ಮನೆಯಲ್ಲಿ ಅವನನ್ನು ಕಂಡವರು ಒಬ್ಬರೇ. ಬಾರ್ ಕೆಲಸ ಹಿಡಿಯಿರಿ ಅಂದಿದ್ದಕ್ಕೆ ಆಕೆಗೆ ದುಡ್ಡಿನ ಆಸೆ ಅಂತ ನೀವು ಸೂಚಿಸಿದ್ದೀರಿ. ನನಗೆ ಹಾಗೆ ಕಾಣಲಿಲ್ಲ. ಆಕೆ ಮನೆಯ ಲೆಕ್ಕ ನೋಡಿದ್ದಾರೆ, ಅಷ್ಟೇ.

ಒಂದು ಮಾತು ನಿಮ್ಮ ಪರವಾಗಿ. ಪ್ಲೈವುಡ್ ಅಂಗಡಿಯಿಂದ, ಹಾರ್ಡ್‌ವೇರ್ ಅಂಗಡಿಯಿಂದ ಕಮಿಷನ್ ಮುಟ್ಟುವುದಿಲ್ಲ ಅಂತ ಬರೆದಿದ್ದೀರಿ. ಸಿಂಕಿನ ಕೆಳಗೆ ನೀರು ತಡೆಯುವ 710 ಪ್ಲೈ ಅಂತ ಬಿಲ್ ಮಾಡಿ ಅಗ್ಗದ ಕಮರ್ಷಿಯಲ್ ಪ್ಲೈ ಹಾಕುವ ಕೆಲಸವನ್ನೂ ಮಾಡುವುದಿಲ್ಲ. ಲ್ಯಾಮಿನೇಟ್ ಅಂಟಿಸಿದ ಮೇಲೆ ಒಳಗೆ ಯಾವ ಹಲಗೆ ಇದೆ ಅಂತ ಮನೆಯವರಿಗೆ ಕಾಣುವುದಿಲ್ಲ, ನೀರು ತಗುಲಿ ಉಬ್ಬಿದ ಮೇಲೇ ಗೊತ್ತಾಗುವುದು. ಯಾರಿಗೂ ಕಾಣದ ಕಡೆ ಸರಿಯಾಗಿ ನಡೆದುಕೊಳ್ಳುವವರು ಕಡಿಮೆ. ನಿಮ್ಮ ಭಕ್ತಿ ನಿಜವಾದದ್ದು ಅಂತ ನನಗೆ ನಂಬಿಕೆ ಬಂದಿದ್ದು ಆ ಸಾಲಿನಿಂದ, ಸೋಮವಾರದ ಉಪವಾಸದಿಂದಲ್ಲ. ಗ್ರಾಹಕರಿಗೆ ಇಷ್ಟು ನೇರವಾಗಿ ಇರುವ ನೀವು ಕೆಲಸಗಾರನ ವಿಷಯದಲ್ಲಿ ಯಾಕೆ ಸಡಿಲಾದಿರಿ? ಗ್ರಾಹಕ ಜಗಳಕ್ಕೆ ನಿಲ್ಲುತ್ತಾನೆ, ಬಡಿಗೇರ ನಿಲ್ಲುವುದಿಲ್ಲ. ಬೇರೆ ಕಾರಣ ನನಗೆ ಸಿಗಲಿಲ್ಲ.

ವಾರದ ಬಟವಾಡೆಯವರಿಗೆ ವಾರದ ರಜೆಗೆ ಮುಂಚೆ, ತಿಂಗಳ ಸಂಬಳದವರಿಗೆ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೊಡಬೇಕು ಎನ್ನುತ್ತದೆ 2019ರ ವೇತನ ಸಂಹಿತೆ. ಗೃಹಪ್ರವೇಶದ ಮುಹೂರ್ತ ನೋಡಿ ಕೊಡಬಹುದು ಅಂತ ಅದರಲ್ಲಿ ಇಲ್ಲ.

ಇನ್ನು ಸೋದರಮಾವ. ಇವರ ಬಗ್ಗೆ ನಾನು ಸಮಾಧಾನದಿಂದ ಬರೆಯಲಾರೆ. ಎರಡು ವರ್ಷದ ಹಿಂದೆ ಅವರ ಮನೆಗೆ ಮೂರು ವಾರ್ಡ್‌ರೋಬ್, ಒಂದು ಟಿವಿ ಯೂನಿಟ್ ಮಾಡಿಕೊಟ್ಟಿರಿ. ಕೊಟೇಶನ್ ಕೊಡಲಿಲ್ಲ, 'ಮನೆಯವನೇ ಅಲ್ಲೇನು' ಅಂದರು. 85 ಸಾವಿರ ಇವತ್ತಿಗೂ ಬಂದಿಲ್ಲ. ಅವರಿಗೆ ಬಾರಿನಲ್ಲಿ ಕುಡುಕರು ಕೂರುವ ಕುರ್ಚಿ ಕಾಣುತ್ತದೆ, ತಾವು ಬಟ್ಟೆ ಇಡುವ ವಾರ್ಡ್‌ರೋಬಿನ ಕೂಲಿ ಕಾಣುವುದಿಲ್ಲ. ಆ ವಾರ್ಡ್‌ರೋಬನ್ನೂ ಕೂಡಿಸಿದವನು ಇದೇ ಬಡಿಗೇರ. ಬಾಕಿ ಕೊಡದವರಿಗೆ ಬುದ್ಧಿ ಹೇಳುವ ಹಕ್ಕಿಲ್ಲ, ಹಿರಿಯರಾದರೂ ಅಷ್ಟೇ. ಸಂಬಂಧಿಕರಿಗೆ ಕೊಟೇಶನ್ ಕೊಡದೆ ಕೆಲಸ ಮಾಡಬೇಡಿ ಅಂತ ನಾನು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ! ರಿಯಾಯಿತಿ ಕೊಡುವುದಿದ್ದರೆ ಅದನ್ನೂ ಬರೆದೇ ಕೊಡಿ.

ಬಾರ್ ವಿಷಯ ಬೇಗ ಮುಗಿಸುತ್ತೇನೆ. ಸರ್ಕಾರ ಸಿಎಲ್-9 ಬಾರ್ ಲೈಸೆನ್ಸ್ ಕೊಟ್ಟು ನಡೆಸಲು ಬಿಟ್ಟ ಜಾಗ, ಕಳ್ಳ ದಂಧೆಯಲ್ಲ. ಆದರೂ ಮನಸ್ಸು ಒಪ್ಪದಿದ್ದರೆ ಬೇಡ ಅನ್ನಿ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಬೇಡ ಅನ್ನುವವನ ಕೈಯಲ್ಲಿ ಬೇರೆಯವರ ದುಡ್ಡು ಇರಬಾರದು. 96 ಸಾವಿರ ಬಾಕಿ ಇಟ್ಟುಕೊಂಡು ನೀವು 22 ಲಕ್ಷದ ಕೆಲಸ ಬಿಟ್ಟರೆ ಆ ವ್ರತದ ಖರ್ಚು ಬೀಳುವುದು ಬಡಿಗೇರನ ಮೇಲೆ, ಅವನ ಹುಡುಗರ ಮೇಲೆ. ಹೆಸರು ಮಾತ್ರ ನಿಮಗೆ.

ಹಿಡಿದರೂ ಅಪಾಯ ತಪ್ಪಿದ್ದಲ್ಲ. ಕೆಲಸದ ಅಡ್ವಾನ್ಸ್ ಬಂದರೆ ಎಲ್ಲಾ ಸರಿಹೋಗುತ್ತದೆ ಅಂತ ಕೊನೇ ಪುಟದಲ್ಲಿ ಬರೆದಿದ್ದೀರಿ. ಒಂದು ಸೈಟಿನ ಅಡ್ವಾನ್ಸಿನಿಂದ ಇನ್ನೊಂದು ಸೈಟಿನ ಕೂಲಿ ಕೊಡುವ ಈ ಆಟದಲ್ಲಿ ಎಷ್ಟೋ ಒಳ್ಳೆಯ ಡಿಸೈನರುಗಳು ಮುಳುಗಿದ್ದಾರೆ. ಬಾರಿನವರು ಕೊಟ್ಟ ಹಣ ಬಾರಿನ ಪ್ಲೈ, ಲೈಟು, ಕೂಲಿಗೇ ಹೋಗಬೇಕು. ನಿಮ್ಮ ಸಂಸ್ಥೆಗೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸುವ ನೋಂದಣಿ, ಇಲ್ಲದಿದ್ದರೆ ಮಾಡಿಸಿಕೊಳ್ಳಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು ವ್ಯಾಪಾರಸ್ಥರು 45 ದಿನಕ್ಕಿಂತ ಆಚೆ ತಳ್ಳುವಂತಿಲ್ಲ, ತಳ್ಳಿದರೆ ಬಡ್ಡಿ ಕೊಡಬೇಕು. ಕೆಲಸ ಹಿಡಿಯುವುದಾದರೆ ಆ ಮಾತು ಕರಾರಿನಲ್ಲಿ ಇರಲಿ.

ಅವ್ವನ ಬೇಸರ ಬೇರೆ. ಅವರು ಜನ ಏನನ್ನುತ್ತಾರೋ ಅಂತ ಹೆದರಿದ್ದಾರೆ. ನಿಮ್ಮ ಸೋದರಮಾವ ಇಲ್ಲದ ಹೊತ್ತಿನಲ್ಲಿ ಅವರ ಹತ್ತಿರ ಕೂತು ಮಾತಾಡಿ, ಬಡಿಗೇರನ ವಿಷಯವನ್ನೂ ಹೇಳಿ. ಅವರಿಗೆ ಅದು ಗೊತ್ತಿಲ್ಲ ಅಂತ ನನ್ನ ಅನುಮಾನ.

ಬಾರಿನವರಿಗೆ ಹೌದು, ಅಲ್ಲ ಎರಡೂ ಈ ವಾರ ಹೇಳಬೇಡಿ. ಈ ವಾರ ಮಾಡಬೇಕಾದದ್ದು ಒಂದೇ: ಶನಿವಾರ ಸಂಜೆಯೊಳಗೆ ಬಡಿಗೇರನ ಲೆಕ್ಕ ಪೂರ್ತಿ ಚುಕ್ತಾ. ತೆಗೆದಿಟ್ಟ 51 ಸಾವಿರ ಇವತ್ತೇ ಕೊಡಿ. ಅದರಲ್ಲಿ ಅವನ ಕೂಲಿ ಸೇರಿರುವಾಗ ಅದು ನಿಮ್ಮ ದಾಸೋಹ ಹೇಗಾಗುತ್ತದೆ? ಕೇಶ್ವಾಪುರದ ಹಣ ಬಂದ ಮೇಲೆ ಮಠಕ್ಕೆ ಕೊಡಿ, ಶ್ರಾವಣ ಇಡೀ ತಿಂಗಳು ಇರುತ್ತದೆ. ಅವನನ್ನು ಮನೆಗೆ ಕರೆಸಬೇಡಿ, ನೀವೇ ಅವನ ಮನೆಗೆ ಹೋಗಿ ಕೊಟ್ಟು ಬನ್ನಿ. ಹೆಂಡತಿ ಕೊಟ್ಟ ಎರಡು ಸಾವಿರವನ್ನು ಅದರಲ್ಲಿ ಮುರಿದುಕೊಳ್ಳಬೇಡಿ.

ಉಳಿದ 45 ಸಾವಿರಕ್ಕೆ ಧಾರವಾಡಕ್ಕೆ ಫೋನ್ ಮಾಡಿ. ನೀವೇ ಮಾಡಬೇಕು, ಹೆಂಡತಿಯ ಕೈಯಲ್ಲಿ ಮಾಡಿಸಬೇಡಿ. 'ಮಾವ, ನಿಮ್ಮ ಮಾತು ಯೋಚನೆ ಮಾಡೀನಿ, ವಾರ್ಡ್‌ರೋಬಿನ 85 ಸಾವಿರ ಶುಕ್ರವಾರ ಬೇಕು' ಅನ್ನಿ. ಮಾವ ಅತ್ತಿತ್ತ ಮಾಡಿದರೆ ಅವ್ವನ ಕೈಗೆ ಫೋನ್ ಕೊಡಿ.