ಥ್ರಾಟಲ್ ಬಾಡಿ ಸ್ಪೇಸರ್ ಹಾಕಿಸಿದರೆ ಪಿಕಪ್ ನಿಜವಾಗಿ ಏರುತ್ತಾ?

ಇಲ್ಲ. ನಾಲ್ಕು ಸಾವಿರ ಜೇಬಲ್ಲೇ ಇರಲಿ.

ನಿಮ್ಮದು 2014ರ ಪೆಟ್ರೋಲ್ ಸ್ವಿಫ್ಟ್. ಸ್ಪೇಸರ್ ಹಾಕಿಸು, ಪಿಕಪ್ಪೂ ಏರುತ್ತೆ, ಮೈಲೇಜೂ ಎರಡು ಕಿಲೋಮೀಟರ್ ಜಾಸ್ತಿ ಬರುತ್ತೆ ಅಂತ ಗೆಳೆಯರು ಹೇಳಿದ್ದಾರೆ, ತಗೊಳ್ಳಲಾ ಅಂತ ಕೇಳಿದ್ದೀರಿ. ಥ್ರಾಟಲ್ ಬಾಡಿ ಅಂದರೆ ಆಕ್ಸಿಲರೇಟರ್ ತುಳಿದಾಗ ರೆಕ್ಕೆ ತೆರೆದು ಇಂಜಿನ್ನಿಗೆ ಗಾಳಿ ಬಿಡುವ ಭಾಗ; ಸ್ಪೇಸರ್ ಅಂದರೆ ಅದಕ್ಕೂ ಇಂಜಿನ್ನಿಗೂ ನಡುವೆ ಕೂರಿಸುವ, ನಡುವೆ ತೂತಿರುವ ದಪ್ಪ ಪ್ಲೇಟ್. ನಾನು ಹಾಕಿಸಿ ನೋಡಿದವನು. ಅದೂ ಅಂಗಡಿಯಿಂದ ತಂದದ್ದಲ್ಲ, ಮಾಡಿಸಿದ್ದು.

ಆಗ ಪೀಣ್ಯದಲ್ಲಿ ಕೆಲಸ. ಎತ್ತ ತಿರುಗಿದರೂ ಲೇತ್. ನನ್ನ ಹತ್ತಿರ ಸೆಕೆಂಡ್ ಹ್ಯಾಂಡ್ ಮಾರುತಿ ಎಸ್ಟೀಮ್ ಕಾರು ಇತ್ತು, 1300 ಸಿಸಿ, ಎಂಪಿಎಫ್ಐ, ಅಂದರೆ ಒಂದೊಂದು ಸಿಲಿಂಡರಿಗೂ ಬೇರೆ ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸೋದು. ನೆಟ್‌ನಲ್ಲಿ ಫೋಟೊ ನೋಡಿ 12 ಮಿ.ಮೀ. ದಪ್ಪದ ಅಲ್ಯುಮಿನಿಯಂ ಪ್ಲೇಟ್ ಕೊರೆಸಿದೆ. ನಡುವೆ ತೂತು, ತೂತಿನ ಒಳಗೋಡೆಗೆ ಥ್ರೆಡ್ ಹೊಡೆದ ಹಾಗೆ ಸುತ್ತು ಗೀರು. ಗಾಳಿ ಅದರಲ್ಲಿ ಬುಗುರಿ ತರ ಸುತ್ತಿಕೊಂಡು ಒಳಗೆ ಹೋಗಿ ಪೆಟ್ರೋಲ್ ಜೊತೆ ಚೆನ್ನಾಗಿ ಬೆರೆಯುತ್ತೆ ಅನ್ನೋದು ಮಾರುವವರ ವಾದ.

ಒಂದು ಭಾನುವಾರ ಕೂತು ಹಾಕಿದೆ. ಬೋಲ್ಟ್ ಗಿಡ್ಡ ಆಯಿತು, ಉದ್ದದ್ದು ತಂದೆ. ಹೇಗೂ ಬಿಚ್ಚಿದ್ದೀನಲ್ಲ ಅಂತ ಥ್ರಾಟಲ್ ಬಾಡಿಯನ್ನು ಕ್ಲೀನರ್ ಹೊಡೆದು ಒರೆಸಿದೆ, ಬಟ್ಟೆ ತುಂಬ ಕಪ್ಪು ಕಾಡಿಗೆ. ಏರ್ ಫಿಲ್ಟರ್ ಕೂಡ ಬದಲಾಯಿಸಿದೆ. ತುಮಕೂರು ರಸ್ತೆಗೆ ಇಳಿಸಿದರೆ ಗಾಡಿ ಹಾರುತ್ತಿದೆ ಅನ್ನಿಸಿತು! ಸೋಮವಾರ ಶಾಪ್‌ನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಪ್ಲೇಟ್ ಕೊರೆದುಕೊಟ್ಟವನು ಮಾತ್ರ ಟೀ ಕುಡಿಯುತ್ತಾ ಕೇಳಿದ, 'ಗುರೂ, ಓಡಿದ್ದು ಪ್ಲೇಟ್‌ನಿಂದಲೋ, ಒರೆಸಿದ್ದರಿಂದಲೋ?'

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಮುಂದಿನ ಎರಡು ಭಾನುವಾರ ಬೆಳಿಗ್ಗೆ ಆರಕ್ಕೆ, ಭಾವನನ್ನು ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿಸಿ ಕೂರಿಸಿಕೊಂಡು, ಒಂದೇ ರಸ್ತೆಯ ಒಂದೇ ತುಂಡಿನಲ್ಲಿ ಥರ್ಡ್ ಗೇರ್‌ನಲ್ಲಿ 40ರಿಂದ 80ಕ್ಕೆ ಎಷ್ಟು ಹೊತ್ತು ಅಂತ ನೋಡಿದೆವು. ಹೋಗುವಾಗಲೂ, ಬರುವಾಗಲೂ. ಒಂದು ವಾರ ಪ್ಲೇಟ್ ಇಟ್ಟು, ಇನ್ನೊಂದು ವಾರ ತೆಗೆದು. ಒಮ್ಮೆ ಪ್ಲೇಟ್ ಇದ್ದಾಗ ಬೇಗ, ಒಮ್ಮೆ ಇಲ್ಲದಾಗ ಬೇಗ, ಅಂತರ ಭಾವನ ಹೆಬ್ಬೆರಳಿನ ತಪ್ಪಿಗಿಂತ ಹೆಚ್ಚಿಲ್ಲ. ಫುಲ್ ಟ್ಯಾಂಕ್ ಮಾಡಿಸಿ ನೋಡಿದ ಮೈಲೇಜೂ ಅಷ್ಟೇ. ಅಂದರೆ ನನಗೆ ಸಿಕ್ಕ ಪಿಕಪ್ ಆ ಕಪ್ಪು ಬಟ್ಟೆಯದ್ದು.

ಯಾಕೆ ಹೀಗೆ ಅಂದರೆ, ನಿಮ್ಮ ಗಾಡಿಯಲ್ಲಿ ಥ್ರಾಟಲ್ ಬಾಡಿಯಿಂದ ಹಾದುಹೋಗೋದು ಬರೀ ಗಾಳಿ. ಪೆಟ್ರೋಲ್ ಅಲ್ಲಿ ಇಲ್ಲವೇ ಇಲ್ಲ. ಗಾಳಿ ಮೊದಲು ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ ಹಂಚುವ ಭಾಗ) ದೊಡ್ಡ ಡಬ್ಬಕ್ಕೆ ಹೋಗಿ, ಅಲ್ಲಿಂದ ನಾಲ್ಕು ಕೊಳವೆಗಳಿಗೆ ಹಂಚಿಕೊಂಡು, ಇನ್ನೇನು ವಾಲ್ವ್ ಬಂತು ಅನ್ನುವಾಗ ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸುತ್ತೆ. ಬೀದಿ ಬಾಗಿಲಲ್ಲಿ ಗಾಳಿ ಸುತ್ತಿಸಿದರೆ ಅಡುಗೆಮನೆಯಲ್ಲಿ ಮಸಾಲೆ ಬೆರೆಯುತ್ತಾ? ಆ ಸುತ್ತು ಡಬ್ಬದೊಳಗೆ ಬಿದ್ದು ಅಲ್ಲೇ ಸತ್ತು ಹೋಗುತ್ತೆ.

ಒಳಗಿನ ಜಾಗ ಹೆಚ್ಚುತ್ತಲ್ಲ ಅಂತ ಕೆಲವರು ಅಂತಾರೆ. ಲೆಕ್ಕ ಹಾಕಿ. ತೂತು 50 ಮಿ.ಮೀ., ದಪ್ಪ 12 ಮಿ.ಮೀ. ಅಂದರೆ ಸಿಗೋದು ಸುಮಾರು 24 ಸಿಸಿ, ಒಂದು ಗುಟುಕು ಕಾಫಿ. 1200 ಸಿಸಿ ಇಂಜಿನ್ 6000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಹತ್ತಿರಹತ್ತಿರ 60 ಲೀಟರ್ ಗಾಳಿ ಎಳೆಯುತ್ತೆ, ಅದಕ್ಕೆ ಆ ಒಂದು ಗುಟುಕು ಯಾವ ಲೆಕ್ಕ? ಟಾರ್ಕ್, ಅಂದರೆ ಇಂಜಿನ್ನಿನ ಎಳೆಯುವ ಬಲ, ಬದಲಾಗೋದು ಆ ನಾಲ್ಕು ಕೊಳವೆಗಳ ಉದ್ದ ಬದಲಾದರೆ. ಸ್ಪೇಸರ್ ಕೂರೋದು ಡಬ್ಬದ ಈಚೆಗೆ, ಕೊಳವೆಯನ್ನು ಅದು ಮುಟ್ಟೋದೇ ಇಲ್ಲ.

ಹಾಗಾದರೆ ಈ ಸಾಮಾನು ಹುಟ್ಟಿದ್ದಾದರೂ ಯಾಕೆ? ಕಾರ್ಬೊರೇಟರ್ ಕಾಲದಲ್ಲಿ ಇದಕ್ಕೆ ಅರ್ಥ ಇತ್ತು. ಅಲ್ಲಿ ಪೆಟ್ರೋಲ್ ಮೇಲೆಯೇ ಬೆರೆತು ಗಾಳಿ ಜೊತೆ ಇಳಿಯುತ್ತೆ, ಕೆಳಗೆ ಜಾಗ ಕೊಟ್ಟರೆ ನಾಲ್ಕೂ ಸಿಲಿಂಡರಿಗೆ ಸಮನಾಗಿ ಹಂಚಿಕೆ ಆಗಬಹುದು. ಹಳೇ ಗಾಡಿಗಳಲ್ಲಿ ಕಾರ್ಬೊರೇಟರ್ ಕೆಳಗೆ ಕಂಪನಿಯವರೇ ಕೊಡುತ್ತಿದ್ದ ಬೇಕಲೈಟ್ ಪ್ಲೇಟ್ ನೋಡಿರಬಹುದು. ಅದು ಇಂಜಿನ್ ಬಿಸಿ ಮೇಲೆ ಹತ್ತಿ ಪೆಟ್ರೋಲ್ ಕುದಿಯದಿರಲಿ ಅಂತ. ಅಮೆರಿಕದಲ್ಲಿ 1987ರಿಂದ ಕೆಲವು ವರ್ಷ ಬಂದ ಜಿಎಂ ಪಿಕಪ್ ಟ್ರಕ್‌ಗಳಲ್ಲಿ ಇಂಜೆಕ್ಟರ್ ಇದ್ದದ್ದು ಥ್ರಾಟಲ್ ಬಾಡಿಯ ಮೇಲೆಯೇ, ಅಂಥದ್ದಕ್ಕೆ ಸ್ವಲ್ಪ ಏನಾದರೂ ಆದೀತು. ಫ್ಯೂಯೆಲ್ ಇಂಜೆಕ್ಷನ್ ಅನ್ನೋ ಹೆಸರು ಆ ಟ್ರಕ್ಕಿಗೂ ನಿಮ್ಮ ಗಾಡಿಗೂ ಒಂದೇ, ಅದಕ್ಕೇ ಜನ ಮೋಸ ಹೋಗೋದು. ಇಂಥ ಪೆಟ್ರೋಲ್ ಉಳಿಸೋ ಸಾಮಾನುಗಳನ್ನು ಅಮೆರಿಕದ ಪರಿಸರ ಸಂಸ್ಥೆ ಇಪಿಎ ನೂರಕ್ಕೂ ಹೆಚ್ಚು ಪರೀಕ್ಷೆ ಮಾಡಿದೆ. ಮೈಲೇಜನ್ನು ಕಣ್ಣಿಗೆ ಕಾಣುವಷ್ಟು ಏರಿಸಿದ್ದು ಒಂದೂ ಇಲ್ಲ. ಮಾರುವವರು ತೋರಿಸೋ ಡೈನೊ (ಇಂಜಿನ್ ಶಕ್ತಿ ಅಳೆಯುವ ಯಂತ್ರ) ಗ್ರಾಫ್‌ನ 2-3 ಹಾರ್ಸ್‌ಪವರ್ ನಂಬಬೇಡಿ, ಒಂದೇ ಕಾರನ್ನು ಮುಟ್ಟದೆ ಎರಡು ಸಲ ಓಡಿಸಿದರೂ ಅಷ್ಟು ಆಚೀಚೆ ಆಗುತ್ತೆ.

ಲಾಭ ಇಲ್ಲದಿದ್ದರೆ ನಷ್ಟವೂ ಇಲ್ಲ ಅಂತಲ್ಲ. ಪ್ಲೇಟ್ ದಪ್ಪದಷ್ಟು ಥ್ರಾಟಲ್ ಬಾಡಿ ಮುಂದೆ ಬರುತ್ತೆ, ನನ್ನದರಲ್ಲಿ ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿ ಐಡ್ಲಿಂಗ್ (ಗಾಡಿ ನಿಂತಿರುವಾಗಿನ ಇಂಜಿನ್ ವೇಗ) 1400 ಆರ್‌ಪಿಎಂಗೆ ಹೋಗಿತ್ತು. ಅದನ್ನು ಸರಿ ಮಾಡಿದ ಮೇಲೆ ಗ್ಯಾಸ್ಕೆಟ್ (ಜಾಯಿಂಟ್‌ನಲ್ಲಿ ಗಾಳಿ ಸೋರದಂತೆ ಇಡುವ ಪಟ್ಟಿ) ಹತ್ತಿರ ಸುಯ್ಯ್ ಅಂತ ಸದ್ದು. ಜಾಯಿಂಟ್ ಸುತ್ತ ಕ್ಲೀನರ್ ಸ್ಪ್ರೇ ಮಾಡಿದರೆ ಆರ್‌ಪಿಎಂ ಏರಿಳಿಯೋದು, ಅಂದರೆ ಗಾಳಿ ಕದ್ದು ಒಳಗೆ ಹೋಗುತ್ತಿದೆ. ಎರಡು ಗ್ಯಾಸ್ಕೆಟ್ ಹಾಳಾದವು.

ನಿಮ್ಮ ಗಾಡಿಗೆ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ, ಏರ್ ಫಿಲ್ಟರ್, ಪ್ಲಗ್ ನೋಡಿ, ಟೈರ್ ಗಾಳಿ ಸರಿ ಇದೆಯಾ ನೋಡಿ. ಎಲೆಕ್ಟ್ರಾನಿಕ್ ಥ್ರಾಟಲ್ ಇದ್ದರೆ ಅದರ ರೆಕ್ಕೆಯನ್ನು ಕೈಯಿಂದ ತಳ್ಳಬೇಡಿ. ಕ್ಲೀನ್ ಆದಮೇಲೆ ಐಡಲ್ ರೀಸೆಟ್ ಮಾಡಲು ಹೇಳಿ. ಇಷ್ಟಾದಮೇಲೂ ಗೆಳೆಯರು ಬಿಡದಿದ್ದರೆ ಅವರದ್ದನ್ನೇ ಒಂದು ವಾರಕ್ಕೆ ಕೊಡಲು ಕೇಳಿ, ಮೆಕ್ಯಾನಿಕ್‌ಗೆ 'ಹಾಕಿದೆಯೋ ಬಿಟ್ಟೆಯೋ ನನಗೆ ಹೇಳಬೇಡ' ಅಂದು ಕೀ ಕೊಟ್ಟು ಬನ್ನಿ. ಓಡಿಸಿ ನೋಡಿ, ಬಾನೆಟ್ ಎತ್ತದೆ ಗೊತ್ತಾಗುತ್ತಾ ಅಂತ ಆಮೇಲೆ ಇಲ್ಲೇ ಬರೆಯಿರಿ.