ಮುಖ ಅವರದೇ, ರೇಷ್ಮೆ ಎರವಲು

ಪ್ರಶ್ನೆ: ಅಮೆರಿಕ ಇನ್ನೂ ಬ್ರಿಟಿಷರ ವಸಾಹತಾಗಿದ್ದ ಕಾಲದ ಶ್ರೀಮಂತ ಮನೆತನಗಳ ಹಿರಿಯರ ಚಿತ್ರಗಳನ್ನು ನೋಡಿದ್ದೇನೆ. ಹೆಂಗಸರೆಲ್ಲ ಒಂದೇ ಥರ, ಅದೇ ರೇಷ್ಮೆ, ಅದೇ ಭಂಗಿ. ಕಲಾವಿದರು ಚಳಿಗಾಲದಲ್ಲಿ ತಲೆಯಿಲ್ಲದ ಮೈ ಬರೆದಿಟ್ಟುಕೊಂಡು, ಆಮೇಲೆ ಊರೂರು ಸುತ್ತಿ ಮುಖ ಸೇರಿಸುತ್ತಿದ್ದರಂತೆ. ನಿಜವಾ?

ಉತ್ತರ: ಕಥೆ ಮಜವಾಗಿದೆ, ಆಧಾರ ಮಾತ್ರ ಇಲ್ಲ. ಒಂದೇ ಥರ ಕಾಣೋದಕ್ಕೆ ಕಾರಣ ಬೇರೆ. ಲಂಡನ್ನಿನಿಂದ ಹಡಗಿನಲ್ಲಿ ಮೆಜೊಟಿಂಟ್ ಎಂಬ ಅಚ್ಚುಚಿತ್ರಗಳು ಬರುತ್ತಿದ್ದವು. ಅಲ್ಲಿನ ದೊಡ್ಡ ಮನುಷ್ಯರ ಚಿತ್ರಗಳನ್ನು ನೋಡಿ ತೆಗೆದ ಪ್ರತಿಗಳು ಅವು. ಬಾಸ್ಟನ್, ನ್ಯೂಯಾರ್ಕಿನ ಕಲಾವಿದರು ಭಂಗಿ, ಉಡುಪು, ಹಿಂದಿನ ತೋಟ ಎಲ್ಲವನ್ನೂ ಅದರಿಂದ ಎತ್ತಿಕೊಂಡು, ಮುಖ ಮಾತ್ರ ಎದುರಿಗೆ ಕೂತವರದ್ದು ಬರೆಯುತ್ತಿದ್ದರು. ಬಾಸ್ಟನ್ನಿನ ಜಾನ್ ಸಿಂಗಲ್ಟನ್ ಕಾಪ್ಲಿಯಂಥ ಪ್ರತಿಭಾವಂತನೂ ಇದನ್ನೇ ಮಾಡಿದ. ಅವನು ಬರೆದ ಶ್ರೀಮತಿ ಬೋವರ್ಸ್ ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅದರ ಉಡುಪು, ಭಂಗಿ, ತೊಡೆಯ ಮೇಲಿನ ನಾಯಿಮರಿ ಸಮೇತ ಎಲ್ಲವೂ ಇಂಗ್ಲೆಂಡಿನ ಚಿತ್ರಕಾರ ರೆನಾಲ್ಡ್ಸ್ ಬರೆದಿದ್ದ ಲೇಡಿ ಕ್ಯಾರೊಲಿನ್ ರಸೆಲ್ ಚಿತ್ರದ ಮೆಜೊಟಿಂಟ್‌ನಿಂದ ಬಂದದ್ದು! ಮನೆಯವರಿಗೂ ಅದೇ ಬೇಕಿತ್ತು ಅಲ್ವಾ, ಲಂಡನ್ನಿನವರ ಹಾಗೆ ಕಾಣೋದು. ಕಾಪ್ಲಿಗೆ ಮಾತ್ರ ಬೇಸರ. ಇಲ್ಲಿನ ಜನಕ್ಕೆ ಚಿತ್ರಕಲೆ ಅಂದರೆ ಬಡಗಿ, ದರ್ಜಿ, ಚಮ್ಮಾರರ ಕೆಲಸದ ಹಾಗೆ ಇನ್ನೊಂದು ಕಸುಬು ಅಂತ ಕಾಗದದಲ್ಲಿ ಗೊಣಗಿದ್ದಾನೆ. 1774ರಲ್ಲಿ ಊರು ಬಿಟ್ಟವನು ತಿರುಗಿ ಬರಲಿಲ್ಲ.

ಹಾಗಂತ ಎಲ್ಲವೂ ಎರವಲಲ್ಲ. ವುಸ್ಟರ್ ಆರ್ಟ್ ಮ್ಯೂಸಿಯಂನಲ್ಲಿ ಎಲಿಜಬೆತ್ ಫ್ರೀಕ್ ಮತ್ತು ಮಗು ಮೇರಿಯ ಚಿತ್ರವಿದೆ. ಬರೆದವರು ಯಾರೋ ಗೊತ್ತಿಲ್ಲ. ಲೇಸು, ಮುತ್ತಿನ ಸರ, ರಿಬ್ಬನ್ನು ಒಂದೊಂದನ್ನೂ ಬಿಡದೆ ಬಿಡಿಸಿದ್ದಾರೆ. ಎಕ್ಸ್‌ರೇ ತೆಗೆದಾಗ ತಮಾಷೆ ಗೊತ್ತಾಯಿತು: ಮೊದಲು ತಾಯಿ ಒಬ್ಬಳೇ ಇದ್ದಳು, 1674ರಲ್ಲಿ ಮೇರಿ ಹುಟ್ಟಿದ ಮೇಲೆ ಮಗುವನ್ನು ಸೇರಿಸಿದ್ದಾರೆ. ಹೊಸ ಚಿತ್ರ ಬರೆಸೋ ಬದಲು ಹಳೆಯದನ್ನೇ ತಿದ್ದಿಸಿಕೊಂಡ ಮನೆಯವರ ಲೆಕ್ಕಾಚಾರ ನನಗೆ ತುಂಬಾ ಇಷ್ಟ.

ಪ್ರಶ್ನೆ: ಈ ಶ್ರೀಮಂತರ ಮನೆಯಲ್ಲಿ ಗುಲಾಮರಿದ್ದರಲ್ಲ, ಅವರು ಚಿತ್ರಗಳಲ್ಲಿ ಯಾಕಿಲ್ಲ?

ಉತ್ತರ: ಇದ್ದರೂ ಅಲಂಕಾರಕ್ಕೆ ಇದ್ದಾರೆ. ಮೇರಿಲ್ಯಾಂಡಿನಲ್ಲಿ 1710ರ ಸುಮಾರಿಗೆ ಜರ್ಮನಿ ಮೂಲದ ಜಸ್ಟಸ್ ಎಂಗಲ್‌ಹಾರ್ಟ್ ಕ್ಯೂನ್ ಎಂಬಾತ ಮೂರನೆಯ ಹೆನ್ರಿ ಡಾರ್ನಲ್ ಎಂಬ ಪುಟ್ಟ ಹುಡುಗನ ಚಿತ್ರ ಬರೆದ. ಹುಡುಗನ ಕೈಯಲ್ಲಿ ಬಿಲ್ಲು, ಹಿಂದೆ ಅರಮನೆಯ ತೋಟ. ಆ ತೋಟವೂ ಕಲ್ಪನೆಯದ್ದೇ, ಆಗಿನ ಮೇರಿಲ್ಯಾಂಡಿನಲ್ಲಿ ಅಂಥದ್ದೆಲ್ಲಿ ಬರಬೇಕು! ಪಕ್ಕದಲ್ಲಿ ಸತ್ತ ಹಕ್ಕಿ ಹಿಡಿದು ನಿಂತ ಕಪ್ಪು ಹುಡುಗನ ಕೊರಳಲ್ಲಿ ಬೆಳ್ಳಿಯ ಪಟ್ಟಿ. ಅವನ ಹೆಸರು ಯಾರೂ ಬರೆದಿಡಲಿಲ್ಲ.

1741ರಲ್ಲಿ ರಾಬರ್ಟ್ ಫೀಕ್ ಬರೆದ ಐಸಾಕ್ ರಾಯಲ್ ಕುಟುಂಬದ ಚಿತ್ರದಲ್ಲಿ ಅಷ್ಟೂ ಇಲ್ಲ. ಮೇಜಿನ ಮೇಲೆ ಹಾಸಿದ ಬೆಲೆಬಾಳುವ ಜಮಖಾನೆ ಇದೆ, ಹೆಂಗಸರ ನುಣುಪು ರೇಷ್ಮೆ ಇದೆ, ಅದಕ್ಕೆಲ್ಲ ದುಡ್ಡು ತಂದ, ಕೆರಿಬಿಯನ್ ದ್ವೀಪ ಆಂಟಿಗುವಾದ ಕಬ್ಬಿನ ತೋಟದ ಗುಲಾಮರ ಸುಳಿವೇ ಇಲ್ಲ. ಬಾಸ್ಟನ್ ಹತ್ತಿರದ ಮೆಡ್‌ಫರ್ಡ್‌ನಲ್ಲಿ ಆ ಕುಟುಂಬದ ಮನೆ ಈಗಲೂ ಇದೆ. ಪಕ್ಕದಲ್ಲೇ ಗುಲಾಮರು ಮಲಗುತ್ತಿದ್ದ ಕಟ್ಟಡವೂ ಉಳಿದಿದೆ. ಚಿತ್ರ ನೋಡಿದವರು ಅದನ್ನೂ ನೋಡಬೇಕು, ಇಲ್ಲದಿದ್ದರೆ ಅರ್ಧ ಮಾತ್ರ ನೋಡಿದ ಹಾಗೆ.

ಪ್ರಶ್ನೆ: ಗೋಡೆಯ ಮೇಲಿರೋದು ನಿಜವಾಗಿ ಆ ಮನೆಯ ಪೂರ್ವಜರೇ ಅಂತ ಹೇಗೆ ತಿಳಿಯೋದು?

ಉತ್ತರ: ಹಿಂದೆ ಅಂಟಿಸಿದ ಚೀಟಿಯನ್ನು ಸುಮ್ನೆ ನಂಬಬೇಡಿ. 1876ರಲ್ಲಿ ಅಮೆರಿಕದ ಸ್ವಾತಂತ್ರ್ಯದ ಶತಮಾನೋತ್ಸವ ಆದ ನಂತರ ಹಳೆಯ ಮನೆತನದ ಹುಚ್ಚು ಜಾಸ್ತಿಯಾಯಿತು, ಜೊತೆಗೆ ಸುಳ್ಳು ಹೆಸರು, ಸುಳ್ಳು ವಂಶದ ಕಥೆ ಹಚ್ಚಿ ಮಾರುವವರೂ ಬಂದರು. ತಾಮಸ್ ಬಿ. ಕ್ಲಾರ್ಕ್ ಎಂಬ ಸಂಗ್ರಾಹಕನ ಹೆಸರಾಂತ ಸಂಗ್ರಹ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಸೇರಿತು, ಆಮೇಲೆ ಅದರಲ್ಲಿ ಎಷ್ಟೋ ಚಿತ್ರಗಳ ಹೆಸರು ತಪ್ಪು ಅಂತ ಗೊತ್ತಾಯಿತು. ಮೊದಲು ಉಡುಪಿನ ಕಾಲ ನೋಡಿ, ಆದರೆ ಅದು ಅಚ್ಚಿನಿಂದ ಬಂದ ಉಡುಪೂ ಆಗಿರಬಹುದು. ಮಗು ಗೌನು ಹಾಕಿದೆ ಅಂತ ಹೆಣ್ಣೇ ಅಂದುಕೊಳ್ಳಬೇಡಿ, ಚಿಕ್ಕ ಹುಡುಗರಿಗೂ ಗೌನೇ ಹಾಕುತ್ತಿದ್ದರು. ಉಯಿಲು, ಆಸ್ತಿಪಟ್ಟಿಗಳಲ್ಲಿ ಆ ಚಿತ್ರದ ಮಾತು ಬಂದಿದೆಯಾ ನೋಡಿ. ನ್ಯೂಯಾರ್ಕಿನ ಫ್ರಿಕ್ ಕಲಾ ಗ್ರಂಥಾಲಯದಲ್ಲಿ ಇಂಥ ಚಿತ್ರಗಳ ಫೋಟೋಗಳ ದೊಡ್ಡ ಸಂಗ್ರಹವಿದೆ, ಅಲ್ಲೂ ಒಮ್ಮೆ ಹುಡುಕಿ.