ಒಬ್ಬರಿಗೆ ಎಷ್ಟು ಪಾಸ್ತಾ ಹಾಕಬೇಕು ಅಂತ ಕೇಳಿದ್ದೀಯಲ್ಲ

ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡ. ಇಟಲಿಯ ತೊರಿನೊಗೆ ಬಂದು ಮೂರು ವಾರ ಆಯ್ತು, ನಾಲ್ಕು ಹುಡುಗರು ಒಂದೇ ಮನೆಯಲ್ಲಿದ್ದೇವೆ, ಅಕ್ಕಿ ದುಬಾರಿ, ಹಾಗಾಗಿ ದಿನಾ ರಾತ್ರಿ ಪಾಸ್ತಾ, ಒಂದು ದಿನ ಸಾಲಲ್ಲ, ಮಾರನೇ ದಿನ ಪಾತ್ರೆ ತುಂಬ ಉಳಿಯುತ್ತೆ, ಒಬ್ಬರಿಗೆ ಎಷ್ಟು ಅಂತ ಒಂದು ಲೆಕ್ಕ ಹೇಳಿ ಅಂತ ನೀನು ಬರೆದಿದ್ದೀಯ. ಜೊತೆಗೆ ಈ ಊರಿಗೆ ಹೊಂದಿಕೊಳ್ಳೋಕೆ ಎಷ್ಟು ದಿನ ಬೇಕು ಅಂತಲೂ ಕೇಳಿದ್ದೀಯ. ಆ ಎರಡನೇದಕ್ಕೆ, ನಾನು ಇಲ್ಲಿಗೆ ಬಂದು ಹದಿನಾಲ್ಕು ವರ್ಷ ಆದರೂ, ನನ್ನ ಹತ್ತಿರ ಉತ್ತರ ಇಲ್ಲ. ಮೊದಲನೇದಕ್ಕೆ ಇದೆ: 80 ಗ್ರಾಂ. ಬೇಯಿಸುವ ಮುಂಚೆ, ಒಣ ಪಾಸ್ತಾ ತೂಕ.

ಇಟಲಿಯಲ್ಲಿ ಯಾರನ್ನು ಕೇಳಿದರೂ ಇದೇ ಸಂಖ್ಯೆ ಹೇಳುತ್ತಾರೆ. ಡಾಕ್ಟರೂ ಅದೇ, ಅಜ್ಜಿಯರೂ ಅದೇ. ಹಸಿವು ಜಾಸ್ತಿ ಇದ್ದರೆ 'ಉನ್ ಎತ್ತೊ', ಅಂದರೆ 100 ಗ್ರಾಂ. ಅಂಗಡಿಯಲ್ಲಿ ಚೀಸ್ ಕೊಳ್ಳುವಾಗಲೂ ಈ ಎತ್ತೊ ಲೆಕ್ಕವೇ, ಈಗಲೇ ಕಲಿತುಕೋ.

ಆದರೆ ಆ 80 ಗ್ರಾಂ ನೋಡಿದರೆ ನಿನಗೆ ನಗು ಬರುತ್ತೆ. ನನಗೂ ಬಂದಿತ್ತು. ನಾನು ಬಂದ ಹೊಸತರಲ್ಲಿ ನಾವು ಮೂರು ಹುಡುಗಿಯರು ಅರ್ಧ ಕಿಲೋ ಪ್ಯಾಕೆಟ್ ಪೂರ್ತಿ ಹಾಕುತ್ತಿದ್ದೆವು, ಸಾಲದಿದ್ದರೆ ಅಂತ ಭಯ. ಆಮೇಲೆ ಒಂದು ಭಾನುವಾರ ಮೇಲಿನ ಮನೆಯ ಅಜ್ಜಿ ಮಧ್ಯಾಹ್ನ ಊಟಕ್ಕೆ ಕರೆದರು. ನಾನು ಸಹಾಯ ಮಾಡೋಣ ಅಂತ ಬೇಗ ಹೋಗಿ ಅಡುಗೆಮನೆಯಲ್ಲಿ ನಿಂತಿದ್ದೆ. ಒಲೆ ಪಕ್ಕ ಒಂದು ಹಳೇ ತಕ್ಕಡಿ, ಮುಳ್ಳು ಇರುವಂಥದ್ದು, ಮೇಲೊಂದು ಬಟ್ಟಲು. ನಾಲ್ಕು ಜನಕ್ಕೆ 320. ಡಬ್ಬಿಯಿಂದ ರಿಗಾತೋನಿ ಅನ್ನುವ ಕೊಳವೆ ಪಾಸ್ತಾ ಸುರಿದರು, ಕನ್ನಡಕ ಮೇಲೆತ್ತಿ ಬಗ್ಗಿ ಮುಳ್ಳು ನೋಡಿದರು, ಸ್ವಲ್ಪ ದಾಟಿತ್ತು. ಮೂರು ಕೊಳವೆ ತೆಗೆದು ವಾಪಸ್ ಡಬ್ಬಿಗೆ ಹಾಕಿದರು. ಮೂರೇ ಮೂರು! ನಮ್ಮ ಹಾಸನದ ಚಿನ್ನದಂಗಡಿಯಲ್ಲೂ ಇಷ್ಟು ನಿಗಾ ಇಟ್ಟು ತೂಗುವುದನ್ನು ನಾನು ನೋಡಿರಲಿಲ್ಲ. ಎಂಥ ಜಿಪುಣಿ ಅಜ್ಜಿಯಪ್ಪಾ ಅಂದುಕೊಂಡೆ.

ಊಟಕ್ಕೆ ಕೂತೆವು. ಪಾಸ್ತಾ ಬಂತು, ತಿಂದೆ, ಎರಡನೇ ಸಲವೂ ಕೇಳಿ ಹಾಕಿಸಿಕೊಂಡೆ, ಅಜ್ಜಿ ತನ್ನ ಪಾಲಿನಿಂದಲೇ ಕೊಟ್ಟರು ಅಂತ ಆಮೇಲೆ ಗೊತ್ತಾಯಿತು. ಬ್ರೆಡ್ಡಿನ ತುಂಡಿನಲ್ಲಿ ತಟ್ಟೆ ಬಳಿದು ತಿಂದು, ಊಟ ಆಯ್ತು ಅಂತ ಹಿಂದಕ್ಕೆ ಒರಗಿ ಕೂತೆ. ಆಗ ಶುರುವಾಯಿತು ನೋಡು. ಸುಟ್ಟ ದಪ್ಪ ಮೆಣಸಿನಕಾಯಿ, ಮೊಟ್ಟೆ ದೋಸೆಯಂಥ ಫ್ರಿತ್ತಾತ, ಮೂರು ಥರ ಚೀಸು, ಸೊಪ್ಪಿನ ಸಲಾಡ್, ಆಮೇಲೆ ಹಣ್ಣು, ಆಮೇಲೆ ಸಿಹಿ, ಆಮೇಲೆ ಕಾಫಿ. ನಮ್ಮ ಮದುವೆ ಊಟದಲ್ಲಿ ಎಲೆಗೆ ಚಿತ್ರಾನ್ನ ಬಡಿಸಿದಾಗಲೇ ಹೊಟ್ಟೆ ತುಂಬಿಸಿಕೊಂಡು, ಅನ್ನ ಸಾರು ಬರುವಾಗ ಕೈಕಟ್ಟಿ ಕೂತವರ ಹಾಗಾಯಿತು ನನ್ನ ಕಥೆ. ಇವರಿಗೆ ಪಾಸ್ತಾ ಅಂದರೆ 'ಪ್ರೀಮೊ', ಮೊದಲು ಬರುವ ತಟ್ಟೆ. ಅದರ ಹಿಂದೆ 'ಸೆಕೊಂದೊ', ಎರಡನೇ ತಟ್ಟೆ, ಇರುತ್ತೆ. ಆ 80 ಗ್ರಾಂ ಹುಟ್ಟಿದ್ದು ಆ ಊಟದ ಲೆಕ್ಕದಿಂದ.

ನಿಮ್ಮ ನಾಲ್ಕು ಜನಕ್ಕೆ ಸೆಕೊಂದೊ ಯಾರು ಮಾಡಿ ಕೊಡುತ್ತಾರೆ? ಪಾಸ್ತಾನೇ ಊಟ, ಪಾಸ್ತಾನೇ ಪಲ್ಯ. ಹಾಗಾಗಿ ನಿಮಗೆ 100 ಗ್ರಾಂ ಹಿಡಿ. ಜಿಮ್‌ಗೆ ಹೋಗುವವನು ಒಬ್ಬ ಇದ್ದಾನೆ ಅಂದೆಯಲ್ಲ, ಅವನಿಗೆ 120. ಒಟ್ಟು 400ರಿಂದ 420. ಅಂದರೆ ಅರ್ಧ ಕಿಲೋ ಪ್ಯಾಕೆಟ್ ಪೂರ್ತಿ ಖಾಲಿ ಮಾಡಬಾರದು, ಸುಮಾರು ಐದನೇ ಒಂದು ಭಾಗ ಉಳಿಸಬೇಕು. ಅಷ್ಟೇ ನಿನ್ನ ಸಮಸ್ಯೆ. ಕಡಲೆಕಾಳೋ ಹುರುಳಿಕಾಯಿ ಬೀಜವೋ ಹಾಕಿ ಗಟ್ಟಿ ಸಾರಿನ ಥರ ಮಾಡುವ ದಿನ ಮಾತ್ರ ಒಬ್ಬರಿಗೆ 40–50 ಸಾಕು, ಕಾಳೇ ಹೊಟ್ಟೆ ತುಂಬಿಸುತ್ತೆ. ವಾರಕ್ಕೆರಡು ದಿನ ಅದನ್ನೇ ಮಾಡು, ಜೇಬಿಗೂ ಒಳ್ಳೆಯದು.

ಈಗ ಅಳೆಯುವುದು. ನೀನು ಲೋಟದಲ್ಲಿ ಅಳೆಯುತ್ತಿದ್ದೀಯ, ಬರೆಯದಿದ್ದರೂ ನನಗೆ ಗೊತ್ತು, ನಾವೆಲ್ಲ ಪಾವು ಲೋಟದಲ್ಲಿ ಬೆಳೆದವರು. ಅಕ್ಕಿಗೆ ಅದು ಸರಿ. ಅಕ್ಕಿ ಯಾವುದಾದರೂ ಕಾಳು ಕಾಳೇ, ಒಂದು ಲೋಟ ಅಂದರೆ ಹೆಚ್ಚುಕಮ್ಮಿ ಅಷ್ಟೇ ತೂಕ. ಪಾಸ್ತಾ ಹಾಗಲ್ಲ. ಊರಿಂದ ತಂದ ಸ್ಟೀಲ್ ಲೋಟದಲ್ಲಿ ಒಂದ್ಸಲ ಪೆನ್ನೆ ತುಂಬು, ಒಂದ್ಸಲ ಚಿಟ್ಟೆ ಆಕಾರದ ಫರ್ಫಾಲ್ಲೆ ತುಂಬು, ಒಂದ್ಸಲ ಸಾರಿಗೆ ಹಾಕುವ ಪುಟಾಣಿ ದಿತಾಲಿನಿ ತುಂಬು, ಮೂರನ್ನೂ ತೂಗು. ಚಿಟ್ಟೆಯ ಲೋಟದಲ್ಲಿ ಅರ್ಧಕ್ಕರ್ಧ ಗಾಳಿ. ಪುಟಾಣಿಯದು ಕಲ್ಲು ತುಂಬಿದ ಹಾಗಿರುತ್ತೆ. ಒಂದು ದಿನ ಸಾಲಲ್ಲ, ಒಂದು ದಿನ ಉಳಿಯುತ್ತೆ ಅಂದೆಯಲ್ಲ, ನೀನು ದಿನಾ ಬೇರೆ ಬೇರೆ ಆಕಾರ ತಂದು ಅದೇ ಲೋಟದಲ್ಲಿ ಅಳೆದಿದ್ದೀಯ. ಹೌದೋ ಅಲ್ವೋ ಹೇಳು.

ಕಣ್ಣಂದಾಜೂ ನಂಬಬೇಡ. ಅನ್ನ ಅರಳಿ ಎರಡೂವರೆ, ಮೂರು ಪಟ್ಟು ಆಗುತ್ತೆ, ಪಾಸ್ತಾ ಎರಡು ಪಟ್ಟಿಗಿಂತ ಸ್ವಲ್ಪ ಮೇಲೆ. 80 ಹಾಕಿದರೆ ಬೆಂದು ಬರುವುದು ಸುಮಾರು 180. ಸ್ಪಗೆತ್ತಿ ಇನ್ನೂ ಮೋಸ. ಕೈಯಲ್ಲಿ ಹಿಡಿದರೆ ಪೊರಕೆ ಕಡ್ಡಿಯಷ್ಟೇ ಕಾಣುತ್ತೆ, ಇಷ್ಟೇನಾ ಅಂತ ಇನ್ನೊಂದು ಹಿಡಿ ಸೇರಿಸುತ್ತೀಯ. ಒಂದು ಯೂರೋ ನಾಣ್ಯದ ಅಗಲಕ್ಕೆ ಹಿಡಿದರೆ ಒಬ್ಬರಿಗೆ ಸರಿ ಅಂತ ನನಗೂ ಯಾರೋ ಹೇಳಿದ್ದರು. ಹಿಡಿದು ತೂಗಿದೆ, ನೂರು ದಾಟಿ ಹೋಯಿತು. ನಿನ್ನಂಥವನಿಗೆ ಆ ನಾಣ್ಯ ಸರಿ ಅನ್ನು, ನನ್ನಂಥವಳಿಗೆ ಜಾಸ್ತಿ.

ತಕ್ಕಡಿ ಕೊಂಡುಬಿಡು, ಬ್ಯಾಟರಿಯದು ಹತ್ತು ಹದಿನೈದು ಯೂರೋಗೆ ಸಿಗುತ್ತೆ, ನಾಲ್ಕು ಜನ ಹಂಚಿಕೊಂಡರೆ ಒಂದು ದಿನದ ಕಾಫಿ ದುಡ್ಡು. ಅಲ್ಲಿಯವರೆಗೆ ಹೀಗೆ ಮಾಡು: ಅರ್ಧ ಕಿಲೋ ಸ್ಪಗೆತ್ತಿ ಪೂರ್ತಿ ಮೇಜಿನ ಮೇಲೆ ಸುರಿ, ಐದು ಸಮ ಗುಡ್ಡೆ ಮಾಡು, ಒಂದೊಂದು ಗುಡ್ಡೆ ನೂರು ಗ್ರಾಂ. ನಾಲ್ಕು ಪಾತ್ರೆಗೆ, ಒಂದು ವಾಪಸ್ ಪ್ಯಾಕೆಟ್ಟಿಗೆ. ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಂಡರೆ ಮುಂದಿನ ಸಲಕ್ಕೆ ಲೆಕ್ಕ ಸಿದ್ಧ.

ಆದರೆ ಉಳಿಯುವುದಕ್ಕೆ ಬರೀ ಅಳತೆ ಕಾರಣ ಅಲ್ಲ, ನಮ್ಮ ಕೈಯ ಅಭ್ಯಾಸ. ನಮ್ಮಮ್ಮ ದಿನಾ ಅಕ್ಕಿ ಅಳೆದ ಮೇಲೆ ಒಂದು ಹಿಡಿ ಜಾಸ್ತಿ ಹಾಕುತ್ತಿದ್ದರು, ಯಾರಾದ್ರೂ ಬಂದರೆ ಅಂತ. ಬಂದರೆ ಊಟ, ಬರದಿದ್ದರೆ ಬೆಳಗ್ಗೆ ಚಿತ್ರಾನ್ನ, ಎರಡರಲ್ಲೂ ನಷ್ಟ ಇಲ್ಲ. ಅನ್ನ ಕಾಯುತ್ತೆ. ಪಾಸ್ತಾ ಕಾಯಲ್ಲ. ಬಸಿದು ಹತ್ತು ನಿಮಿಷ ಬಿಟ್ಟರೆ ಅಂಟು ಮುದ್ದೆ. ಅದಕ್ಕೇ ಇಲ್ಲಿನವರು ತಲೆ ಎಣಿಸದೆ ಪಾತ್ರೆಗೆ ಹಾಕಲ್ಲ. ನನ್ನ ಗಂಡ ಟ್ರಾಮ್ ಇಳಿದು ಫೋನ್ ಮಾಡುತ್ತಾನೆ, "ಬುತ್ತಾ ಲಾ ಪಾಸ್ತಾ", ಪಾಸ್ತಾ ಹಾಕು ಅಂತ. ನೀರು ಆಗಲೇ ಕುದಿಯುತ್ತಿರುತ್ತೆ. ಪ್ಯಾಕೆಟ್ ಮೇಲೆ 10 ನಿಮಿಷ ಅಂತಿದ್ದರೆ, ಅವನು ನಡೆದು ಬಂದು ಶೂ ಬಿಚ್ಚಿ ಕೈ ತೊಳೆಯುವಷ್ಟರಲ್ಲಿ ತಟ್ಟೆಯಲ್ಲಿರುತ್ತೆ. ಮೊದಲೆಲ್ಲ ನನಗೆ ಇದು ವಿಚಿತ್ರ ಅನಿಸುತ್ತಿತ್ತು. ಊಟಕ್ಕೆ ಕರೆದವರು ಎಷ್ಟು ಜನ ಬರ್ತೀರಿ ಅಂತ ಕೇಳಿದರೆ ಬೇಜಾರಾಗುತ್ತಿತ್ತು, ನಮ್ಮ ಕಡೆ ಹಾಗೆ ಕೇಳಿದರೆ ಅಗೌರವ ಅಲ್ವಾ. ಇಲ್ಲಿ ಕೇಳದಿದ್ದರೇ ತಪ್ಪು. ನಿನಗೆ ಎಂಬತ್ತಾ ನೂರಾ ಅಂತ ಒಬ್ಬೊಬ್ಬರನ್ನೂ ಕೇಳುತ್ತಾರೆ, ಹೇಳಿದ್ದನ್ನು ಹಾಕುತ್ತಾರೆ, ನಾಚಿಕೊಂಡು ಕಮ್ಮಿ ಹೇಳಿದರೆ ಹಸಿದುಕೊಂಡೇ ಮನೆಗೆ ಬರಬೇಕು. ಉಪಚಾರಕ್ಕೆ ಬೇಡ ಅನ್ನಬೇಡ. ಎರಡನೇ ಸಲ ಯಾರೂ ಬಲವಂತ ಮಾಡಲ್ಲ.

ಹಾಗಾಗಿ ನಿಮ್ಮ ಮನೆಯಲ್ಲೂ ಒಂದು ನಿಯಮ ಮಾಡಿಕೊಳ್ಳಿ. ಮನೆಯೊಳಗೆ ಕಾಲಿಟ್ಟವರಿಗೆ ಮಾತ್ರ ಪಾಸ್ತಾ. ಲೈಬ್ರರಿಯಲ್ಲಿ ಇರುವವನಿಗೆ ಅಂತ ಎತ್ತಿಡಬೇಡಿ, ಸಾಸ್ ಎತ್ತಿಡಿ, ಅವನು ಬಂದು ಹತ್ತು ನಿಮಿಷದಲ್ಲಿ ಬೇಯಿಸಿಕೊಳ್ಳಲಿ.

ಅಂಟಿಕೊಳ್ಳುತ್ತೆ ಅಂದೆಯಲ್ಲ, ಅದು ಪಾತ್ರೆ ಚಿಕ್ಕದಾಗಿದ್ದಕ್ಕೆ. 100 ಗ್ರಾಂ ಪಾಸ್ತಾಗೆ 1 ಲೀಟರ್ ನೀರು, 10 ಗ್ರಾಂ ಉಪ್ಪು, ಇದು ಇಲ್ಲಿನ ಮಗ್ಗಿ. ನಾಲ್ಕು ಜನಕ್ಕೆ ನಾಲ್ಕು ಲೀಟರ್ ನೀರು ಅಂದರೆ ಐದಾರು ಲೀಟರಿನ ಪಾತ್ರೆ ಬೇಕು. ಬಾಡಿಗೆ ಮನೆಯ ಹಾಲು ಕಾಯಿಸುವ ಪಾತ್ರೆಯಲ್ಲಿ ಮಾಡಿದರೆ ಗಂಜಿಯೇ ಆಗುವುದು. ನಾನು ಲೀಟರಿಗೆ ಉಪ್ಪು 7 ಗ್ರಾಂ ಹಾಕುತ್ತೇನೆ, ಅದೇ ಸಾಕು. ಎಣ್ಣೆ ಹಾಕಬೇಡ, ಅದು ಸುಮ್ನೆ ಮೇಲೆ ತೇಲುತ್ತೆ. ಬಸಿಯುವ ಮುಂಚೆ ಒಂದು ಲೋಟ ನೀರು ತೆಗೆದಿಡು, ಸಾಸ್ ಗಟ್ಟಿಯಾದರೆ ಬೇಕಾಗುತ್ತೆ. ಇಲ್ಲಿ ಒಣ ಪಾಸ್ತಾವನ್ನು ಗಟ್ಟಿ ಗೋಧಿಯಿಂದಲೇ ಮಾಡಬೇಕು ಅಂತ 1967ರಿಂದಲೇ ಕಾನೂನಿದೆ, ನಮ್ಮ ಬನ್ಸಿ ರವೆ ಆಗುವ ಜಾತಿಯದು. ಹಾಗಾಗಿ ಅಗ್ಗದ ಪ್ಯಾಕೆಟ್ ತಂದರೂ ಹೇಳಿದ ಸಮಯಕ್ಕೆ ಇಳಿಸಿದರೆ ಬೆಣ್ಣೆಯಂತೆ ಕರಗಲ್ಲ. ಹಲ್ಲಿಗೆ ಸ್ವಲ್ಪ ಸಿಗಬೇಕು. ಮೊದಮೊದಲು ಬೆಂದಿಲ್ಲ ಅನಿಸುತ್ತೆ, ತಿಂಗಳು ಬಿಟ್ಟರೆ ಅದೇ ರುಚಿ.

ಬೇರೆ ಥರದ್ದಕ್ಕೆ ಬೇರೆ ಲೆಕ್ಕ. ಫ್ರಿಜ್ಜಿನಲ್ಲಿ ಸಿಗುವ ಹಸಿ ಪಾಸ್ತಾ ಒಬ್ಬರಿಗೆ 100, ಒಳಗೆ ಹೂರಣ ತುಂಬಿದ ರವಿಯೋಲಿ ಥರದ್ದು 125, ಅದಕ್ಕೇ 250ರ ಪ್ಯಾಕೆಟ್ ಇಬ್ಬರಿಗೆ. ಆಲೂಗಡ್ಡೆಯ ನ್ಯೋಕ್ಕಿ ಅರ್ಧ ಕಿಲೋ ಮೂರು ಜನಕ್ಕೆ.

ಇಷ್ಟೆಲ್ಲ ಮಾಡಿಯೂ ಉಳಿದರೆ ಎಸೆಯಬೇಡ. ನೇಪಲ್ಸ್ ಕಡೆಯವರು ಉಳಿದ ಪಾಸ್ತಾಗೆ ಮೊಟ್ಟೆ, ಚೀಸ್ ಕಲಸಿ ದಪ್ಪ ದೋಸೆಯಂತೆ ಎರಡೂ ಕಡೆ ಕೆಂಪಗೆ ಬೇಯಿಸುತ್ತಾರೆ, ತಣ್ಣಗಾದ ಮೇಲೆ ಇನ್ನೂ ರುಚಿ, ಡಬ್ಬಿಗೂ ಆಗುತ್ತೆ. ನಾನು ಸಾಸಿವೆ, ಕಡಲೆಬೇಳೆ, ಕರಿಬೇವಿನ ಒಗ್ಗರಣೆಗೆ ಪಾಸ್ತಾ ಹಾಕಿ ವಾಂಗಿಬಾತ್ ಪುಡಿ ಉದುರಿಸಿ, ನಿಂಬೆಹಣ್ಣು ಹಿಂಡುತ್ತೇನೆ. ಮೇಲಿನ ಮನೆ ಅಜ್ಜಿ ಒಮ್ಮೆ ಬಂದಾಗ ತಟ್ಟೆ ನೋಡಿ ಶಿಲುಬೆ ಗುರುತು ಮಾಡಿಕೊಂಡರು, ಆದರೆ ತಿಂದರು.

ಒಂದು ಮಾತು ಮರೆತೆ. ನಿಮ್ಮಲ್ಲಿ ಇಬ್ಬರು ಸಸ್ಯಾಹಾರಿಗಳು ಅಂದೆಯಲ್ಲ. ಪಾರ್ಮಿಜಾನೊ ಚೀಸ್ ಮಾಡುವಾಗ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದದ್ದನ್ನೇ ಹಾಕುತ್ತಾರೆ. ಬಾಟಲಿಯಲ್ಲಿ ಸಿಗುವ ಪೆಸ್ತೊ ಅನ್ನುವ ಬೇಸಿಲ್ ಸೊಪ್ಪಿನ ಸಾಸಿನಲ್ಲೂ ಅಂಥ ಚೀಸ್ ಇರುವುದುಂಟು. ಅವರಿಗೆ ಹೇಳಿಬಿಡು, ಆಮೇಲೆ ತಿನ್ನುವುದು ಬಿಡುವುದು ಅವರಿಷ್ಟ.

ಮುಂದಿನ ತಿಂಗಳು ಯಾವುದಾದರೂ ಭಾನುವಾರ ನಾಲ್ಕೂ ಜನ ನಮ್ಮನೆಗೆ ಬನ್ನಿ. ಅನ್ನ, ಹುಳಿ, ಪಲ್ಯ ಮಾಡುತ್ತೇನೆ. ಎಷ್ಟು ಜನ ಅಂತ ಮೊದಲೇ ಹೇಳಬೇಕಾಗಿಲ್ಲ, ಅವತ್ತು ಅನ್ನಕ್ಕೇ ಇಡುವುದು.